ಬುನ್ನಾ: ಮನೆಮಂದಿಯೆಲ್ಲ ಕೈಜೋಡಿಸಿ ಮಾಡುವ ಇಥಿಯೋಪಿಯಾದ ಕಾಫಿ

ಇಥಿಯೋಪಿಯಾ, ಎರಿಟ್ರಿಯಾದ ಮನೆಗಳಲ್ಲಿ ನೆಂಟರು ಬಂದು ಕೂತ ಮೇಲೆಯೇ ಕಾಫಿ ಬೀಜ ಹುರಿಯಲು ಶುರುಮಾಡುತ್ತಾರೆ. ತೊಳೆದು, ಹುರಿದು, ಕುಟ್ಟಿ, ಕುದಿಸಿ, ಮೂರು ಸುತ್ತು ಕುಡಿದು ಏಳುವಷ್ಟರಲ್ಲಿ ಒಂದೂವರೆ ಗಂಟೆಯಾದರೂ ಬೇಕು. ಮಕ್ಕಳಿರುವ ಕುಟುಂಬಗಳಿಗೆ ಇದನ್ನು ಪರಿಚಯಿಸುವಾಗ ಅಂಗಡಿಯ ಪುಡಿ ತಂದುಬಿಟ್ಟರೆ ಅರ್ಧ ಆಚರಣೆ ಅಲ್ಲೇ ಕೈಬಿಟ್ಟಂತೆ. ಹುರಿಯುವುದು, ಕುಟ್ಟುವುದು ಎಲ್ಲರ ಕಣ್ಣೆದುರೇ ಆಗಬೇಕು.

ಆರು ಮಂದಿಗೆ 50 ಗ್ರಾಂ ಹಸಿರು ಬೀಜ ಸಾಕು; ಹುರಿದ ಮೇಲೆ ಸುಮಾರು 42 ಗ್ರಾಂ ಉಳಿಯುತ್ತದೆ. ಅರೇಬಿಕಾವೇ ಇರಲಿ. ಹಾಲಿಲ್ಲದೆ ಕುಡಿಯುವಾಗ ರೊಬಸ್ಟಾದ ಕಹಿ ಮುಂದಾಗುತ್ತದೆ. ಚಿಕ್ಕಮಗಳೂರು, ಕೊಡಗಿನ ಬೀಜ ಧಾರಾಳವಾಗಿ ಬಳಸಬಹುದು. ಅರೇಬಿಕಾದ ತವರು ಇಥಿಯೋಪಿಯಾದ ನೈಋತ್ಯದ ಕಾಡುಗಳು. ಅಲ್ಲಿಂದ ಯೆಮೆನ್‌ಗೆ ಹೋದದ್ದನ್ನು 17ನೇ ಶತಮಾನದಲ್ಲಿ ಬಾಬಾ ಬುಡನ್ ನಮ್ಮ ಗಿರಿಗೆ ತಂದರೆಂಬ ಪ್ರತೀತಿ ಇದೆ. ಮಕ್ಕಳ ಮುಂದೆ ಭೂಪಟ ಹರಡಿ ಈ ದಾರಿಯನ್ನು ಬೆರಳಲ್ಲಿ ತೋರಿಸಿ. ‘ಆಫ್ರಿಕಾದ ಕಾಫಿ’ ಎಂದಷ್ಟೇ ಹೇಳಿ ಮುಗಿಸಬೇಡಿ. ಯಾವ ದೇಶದ್ದು, ಯಾವ ಸೀಮೆಯದ್ದು ಎಂದು ಹೆಸರು ಹಿಡಿದು ಹೇಳಿ.

ಮೊದಲು ನೆಲಕ್ಕೆ ಹಸಿ ಹುಲ್ಲು ಹರಡುತ್ತಾರೆ. ಚಿಕ್ಕ ಮಕ್ಕಳಿಗೆ ಹೇಳಿಮಾಡಿಸಿದ ಕೆಲಸವಿದು. ಔಷಧಿ ಹೊಡೆಯದ ಹುಲ್ಲು ತಂದು, ತೊಳೆದು, ನೀರು ಬಸಿದು ಹಾಸಿದರೆ ಆಯಿತು. ಕಪ್ಪಾದ, ತೂತು ಬಿದ್ದ, ಒಡೆದ ಬೀಜ ಆರಿಸುವುದೂ ಅವರದೇ. ಒಡೆದ ಚೂರು ಬೇಗ ಸೀದು ಇಡೀ ಹುರಿತಕ್ಕೆ ಸುಟ್ಟ ವಾಸನೆ ಹಿಡಿಸುತ್ತದೆ. ಆರಿಸಿದ ಬೀಜವನ್ನು ಎರಡು ನೀರಿನಲ್ಲಿ ಉಜ್ಜಿ ತೊಳೆದು ಬಟ್ಟೆಯಲ್ಲಿ ಒತ್ತಿ ಒರೆಸಿ.

ಹುರಿಯುವುದು ದೊಡ್ಡವರ ಕೆಲಸ. ದಪ್ಪ ಕಬ್ಬಿಣದ ಬಾಣಲೆ, ಮಧ್ಯಮ ಉರಿ, ಎಂಟು ಹತ್ತು ನಿಮಿಷ, ಕೈ ನಿಲ್ಲಬಾರದು. ಉರಿ ಜೋರಾದರೆ ಹೊರಗೆ ಕಪ್ಪು, ಒಳಗೆ ಹಸಿ. ಅಂಥ ಬೀಜ ಕುಟ್ಟಾಣಿಯಲ್ಲಿ ಪುಡಿಯಾಗದೆ ಜಿಗಿಯುತ್ತದೆ. ಚಟಪಟ ಸದ್ದು ಶುರುವಾಗಿ ನಿಂತು, ಬಣ್ಣ ಗಾಢ ಕಂದಾದಾಗ ಇಳಿಸಿ. ಹೊಗೆಯಾಡುವ ಬಾಣಲೆಯನ್ನು ಎಲ್ಲರ ಮುಂದೆ ಹಿಡಿದು ಸುತ್ತಿ ಬರಬೇಕು; ಕೂತವರು ಕೈಯಿಂದ ಹೊಗೆಯನ್ನು ತಮ್ಮತ್ತ ಬೀಸಿಕೊಂಡು ಮೂಸುತ್ತಾರೆ. ಇದನ್ನು ಅವಸರದಲ್ಲಿ ಮುಗಿಸಬೇಡಿ. ಅಲ್ಲಿ ಧೂಪವನ್ನೂ ಹಾಕುತ್ತಾರೆ; ಕಾಫಿಯ ಘಮ ಎಲ್ಲರ ಮೂಗಿಗೆ ಮುಟ್ಟಿದ ಮೇಲೆ ಹಾಕಿದರೆ ಒಂದು ಇನ್ನೊಂದನ್ನು ಮುಚ್ಚದು. ಇದ್ದಿಲ ಕೆಂಡ ಬಾಗಿಲು ಮುಚ್ಚಿದ ಕೋಣೆಯಲ್ಲಿ ಬೇಡವೇ ಬೇಡ, ಅದರ ವಿಷಾನಿಲಕ್ಕೆ ವಾಸನೆಯೇ ಇರುವುದಿಲ್ಲ.

ಬೀಜ ಆರಿದ ಮೇಲೆ ಹೊಟ್ಟು ಊದಿ, ಕುಟ್ಟಾಣಿಗೆ ಒಂದೊಂದು ಹಿಡಿ ಹಾಕಿ ಮಕ್ಕಳು ಸರದಿಯಲ್ಲಿ ಕುಟ್ಟಲಿ. ಸಣ್ಣ ರವೆಯ ಹದ ಬಂದರೆ ಸಾಕು. ತೀರಾ ನುಣ್ಣಗಾದರೆ ತಳಕ್ಕೆ ಇಳಿಯದೆ ಲೋಟಕ್ಕೆ ಬರುತ್ತದೆ.

ಕುದಿಸುವ ಪಾತ್ರೆ ಜೆಬೆನಾ: ಗುಂಡು ಹೊಟ್ಟೆ, ಉದ್ದ ಕತ್ತಿನ ಮಣ್ಣಿನ ಹೂಜಿ. ಹೊಸದಾದರೆ ರಾತ್ರಿಯಿಡೀ ನೀರಲ್ಲಿ ನೆನೆಸಿ, ಮೊದಲು ಬರೀ ನೀರು ಕುದಿಸಿ. ಗ್ಯಾಸ್ ಒಲೆಯಲ್ಲಿ ಕೆಳಗೊಂದು ಕಾವಲಿ ಇಟ್ಟು ಸಣ್ಣ ಉರಿಯಲ್ಲೇ ಕಾಯಿಸಿ. ಉರಿ ನೇರ ತಾಗಿದರೆ ಬಿರುಕು ಬಿಡುತ್ತದೆ. ಜೆಬೆನಾ ಸಿಗದಿದ್ದರೆ ಮೂತಿಯಿರುವ ಸ್ಟೀಲ್ ಕೆಟಲ್ ನಡೆಯುತ್ತದೆ. 550 ಮಿಲಿ ನೀರು ಕುದಿಬಂದಾಗ ಪುಡಿಯನ್ನು ನಾಲ್ಕು ಕಂತಿನಲ್ಲಿ ಹಾಕಿ. ಆಗಷ್ಟೇ ಹುರಿದ ಬೀಜದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುವುದರಿಂದ ಒಮ್ಮೆಲೇ ಸುರಿದರೆ ನೊರೆ ಕತ್ತು ದಾಟಿ ಒಲೆಗೆ ಉಕ್ಕುತ್ತದೆ. ನೊರೆ ಕತ್ತಿಗೆ ಏರುತ್ತಲೇ ಇಳಿಸಿ, ಇನ್ನೊಮ್ಮೆ ಇಟ್ಟು ಮತ್ತೆ ಇಳಿಸಿ. ಆಮೇಲೆ ಸಿಂಬೆಯ ಮೇಲೆ ತುಸು ವಾಲಿಸಿ ಐದು ನಿಮಿಷ ಅಲ್ಲಾಡಿಸದೆ ಬಿಡಿ, ಚರಟ ಕೂರಲಿ.

ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಸಿನಿ ಎನ್ನುತ್ತಾರೆ. ಒಂದಕ್ಕೆ 70 ಮಿಲಿ ಲೆಕ್ಕ ಹಿಡಿಯಿರಿ. ಅವನ್ನು ತಟ್ಟೆಯಲ್ಲಿ ಒಂದಕ್ಕೊಂದು ತಾಗಿಸಿಟ್ಟು, ಒಂದಡಿ ಎತ್ತರದಿಂದ ಸಣ್ಣ ಧಾರೆಯಲ್ಲಿ ನಿಲ್ಲಿಸದೆ ಬಗ್ಗಿಸುತ್ತಾ ಹೋಗಬೇಕು. ಬಟ್ಟಲಿಗೊಮ್ಮೆ ಹೂಜಿ ನೆಟ್ಟಗೆ ಮಾಡಿದರೆ ಕೂತ ಚರಟ ಮತ್ತೆ ಎದ್ದು ಬರುತ್ತದೆ. ಮೊದಲ ಬಟ್ಟಲು ಮನೆಯ ಹಿರಿಯರಿಗೆ. ಹಂಚುವುದನ್ನು ಮಕ್ಕಳಿಗೆ ಬಿಡಬಹುದು. ಸಾಮಾನ್ಯವಾಗಿ ಸಕ್ಕರೆ ಹಾಕುತ್ತಾರೆ, ಕೆಲವು ಸೀಮೆಗಳಲ್ಲಿ ಉಪ್ಪು ಅಥವಾ ಬೆಣ್ಣೆ. ಜೊತೆಗೆ ಮೆಕ್ಕೆಜೋಳದ ಅರಳು ಇಲ್ಲವೇ ಹುರಿದ ಬಾರ್ಲಿ.

ಮೊದಲ ಸುತ್ತು ಅಬೋಲ್, ಎರಡನೆಯದು ತೋನಾ, ಮೂರನೆಯದು ಬರಕಾ. ಹೊಸ ಪುಡಿ ಹಾಕುವಂತಿಲ್ಲ; ಅದೇ ಚರಟಕ್ಕೆ ಪ್ರತಿ ಸಲ 450 ಮಿಲಿ ನೀರು. ತಣ್ಣೀರು ಸುರಿದರೆ ಬಿಸಿ ಹೂಜಿ ಸೀಳುತ್ತದೆ, ಬಿಸಿನೀರನ್ನು ಬೇರೆಯೇ ಕಾಯಿಸಿಟ್ಟುಕೊಳ್ಳಿ. ಬರಕಾ ತೆಳುವಾಗಿದ್ದರೂ ಕೆಫೀನ್ ಇದ್ದೇ ಇರುತ್ತದೆ, ಆದ್ದರಿಂದ ಮಕ್ಕಳ ಬಟ್ಟಲಿಗೆ ಬೆಲ್ಲದ ಶುಂಠಿ ನೀರು ಒಳ್ಳೆಯದು. ಅದು ನಮ್ಮ ಕಡೆಯ ಬದಲಾವಣೆ ಎಂದು ಅವರಿಗೆ ಹೇಳಿಬಿಡಿ. ಬರಕಾ ಹರಸುವ ಸುತ್ತು, ಅದಕ್ಕೆ ಮುಂಚೆ ಎದ್ದು ಹೋಗುವುದು ಅಲ್ಲಿ ಮರ್ಯಾದೆಯಲ್ಲ. ಬಂದವರಿಗೆ ಎರಡು ಗಂಟೆ ಬಿಡುವಿಲ್ಲದಿದ್ದರೆ ಕಾರ್ಯಕ್ರಮವನ್ನೇ ಇನ್ನೊಂದು ಭಾನುವಾರಕ್ಕೆ ಇಟ್ಟುಕೊಳ್ಳಿ, ಸುತ್ತು ಕಡಿಮೆ ಮಾಡಬೇಡಿ.