ಸೋರ್ಸ್ ಕಳೆದುಹೋದ ತಂತ್ರಾಂಶಕ್ಕೆ ಜಿಪಿಎಲ್ ಹಾಕಬಹುದೇ?

“ಸಾರ್, ನಮ್ಮ ಹತ್ರ ಇರೋದು ಇಎಕ್ಸ್‌ಇ ಫೈಲ್ ಒಂದೇ, ಸೋರ್ಸ್ ಕೋಡ್ ಎಲ್ಲೋ ಹೋಯ್ತು. ಇದಕ್ಕೇ ಜಿಪಿಎಲ್ ಹಾಕಿ ಎಲ್ಲರಿಗೂ ಕೊಡಬಹುದಾ?”

ಶಿವಮೊಗ್ಗ ಸುತ್ತಮುತ್ತ ನನಗೆ ಹೆಚ್ಚಾಗಿ ಎದುರಾಗುವ ಪ್ರಶ್ನೆ ಇದು. ಸೋರ್ಸ್ ಅಂದರೆ ಪ್ರೋಗ್ರಾಮರ್ ಬರೆದ ಮೂಲ ಕೋಡ್; ಇಎಕ್ಸ್‌ಇ ಅಂದರೆ ಅದರಿಂದ ತಯಾರಾದ, ಯಂತ್ರ ಓಡಿಸುವ ಬೈನರಿ ಫೈಲ್; ಜಿಪಿಎಲ್ ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದು, ಆದರೆ ಹಂಚುವಾಗ ಸೋರ್ಸ್ ಕೂಡ ಸಿಗಬೇಕು ಅನ್ನುವ ಲೈಸೆನ್ಸ್. ಕೇಳುವವರು ಅಡಿಕೆ ಮಂಡಿಯವರು, ಸಹಕಾರ ಸಂಘದವರು. 2000ದ ಆಸುಪಾಸಿನಲ್ಲಿ ಊರಿನ ಯಾರೋ ಹುಡುಗ ವಿಷುಯಲ್ ಬೇಸಿಕ್ 6ರಲ್ಲಿ ಲೆಕ್ಕದ ಪ್ರೋಗ್ರಾಮ್ ಬರೆದುಕೊಟ್ಟಿರುತ್ತಾನೆ. ಹುಡುಗ ಬೆಂಗಳೂರು ಸೇರಿದ, ಅವನ ಕಂಪ್ಯೂಟರ್ ಗುಜರಿ ಸೇರಿತು, ಪ್ರೋಗ್ರಾಮ್ ಮಾತ್ರ ಇವತ್ತಿಗೂ ಓಡುತ್ತಿದೆ. ಅದನ್ನು ನಾಲ್ಕು ಜನಕ್ಕೆ ಹಂಚಬೇಕು ಅನ್ನುವ ಮನಸ್ಸು ದೊಡ್ಡದು. ಹಂಚಿ, ಆದರೆ ಜಿಪಿಎಲ್ ಹಾಕಬೇಡಿ ಎನ್ನುವುದೇ ನನ್ನ ಉತ್ತರ.

ಮೊದಲು, ಹಂಚುವ ಹಕ್ಕು ಯಾರದ್ದು ನೋಡಿ. “ದುಡ್ಡು ಕೊಟ್ಟು ಬರೆಸಿದ್ದೇವೆ, ನಮ್ಮದೇ” ಅನ್ನುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸಾಹಿತ್ಯ ಕೃತಿಯೇ. ಬರೆದವನು ನಿಮ್ಮಲ್ಲಿ ಸಂಬಳದ ನೌಕರನಾಗಿ ಆ ಕೆಲಸ ಮಾಡಿರದಿದ್ದರೆ, ಹಕ್ಕನ್ನು ಬರವಣಿಗೆಯಲ್ಲಿ ನಿಮಗೆ ವರ್ಗಾಯಿಸಿರದಿದ್ದರೆ, ಸಾಮಾನ್ಯವಾಗಿ ಹಕ್ಕು ಅವನಲ್ಲೇ ಉಳಿದಿರುತ್ತದೆ. ಅವನು ಬದುಕಿರುವಷ್ಟು ಕಾಲ, ಆಮೇಲೂ 60 ವರ್ಷ. ಹಾಗಾಗಿ ಬೆಂಗಳೂರಿಗೆ ಒಂದು ಫೋನ್ ಮಾಡಿ, ಒಪ್ಪಿಗೆಯನ್ನು ಲಿಖಿತವಾಗಿ ತರಿಸಿಕೊಳ್ಳಿ.

ಇನ್ನು ಜಿಪಿಎಲ್. ಅದರ 1989ರ ಮೊದಲ ಆವೃತ್ತಿಯಿಂದಲೂ ಸೋರ್ಸ್ ಅಂದರೇನು ಅನ್ನುವುದು ಸ್ಪಷ್ಟವಾಗಿದೆ: ಕೃತಿಯನ್ನು ತಿದ್ದಲು ಯಾವ ರೂಪ ಹೆಚ್ಚು ಅನುಕೂಲವೋ ಅದೇ ಸೋರ್ಸ್. ಬರೆದವನು ತನ್ನ ಕೃತಿಯ ಒಡೆಯ, ಬರೀ ಬೈನರಿಗೆ ಜಿಪಿಎಲ್ ಅಂಟಿಸಿ ಕೊಟ್ಟರೆ ಅವನನ್ನು ಯಾರೂ ತಡೆಯಲಾರರು. ಸಿಕ್ಕಿಹಾಕಿಕೊಳ್ಳುವವರು ಅವನಿಂದ ಪಡೆದವರು. ಸಾಗರದ ಸಂಘ ಅದನ್ನು ತೀರ್ಥಹಳ್ಳಿಯ ಸಂಘಕ್ಕೆ ದಾಟಿಸಬೇಕಾದರೆ ಜೊತೆಗೆ ಸೋರ್ಸ್ ಕೊಡಬೇಕು, ಇಲ್ಲವೇ ಕೊಡುತ್ತೇನೆಂದು ಬರೆದುಕೊಡಬೇಕು. ಇಲ್ಲದ್ದನ್ನು ಎಲ್ಲಿಂದ ಕೊಡುವುದು? ಹಂಚಲಿ ಅಂತ ಹಾಕಿದ ಲೈಸೆನ್ಸೇ ಹಂಚುವ ಕೈಯನ್ನು ಕಟ್ಟುತ್ತದೆ.

ಇದಕ್ಕೆ ಒಂದು ವಾದ ಇದೆ. ಸೋರ್ಸ್ ಜಗತ್ತಿನಲ್ಲಿ ಯಾರ ಬಳಿಯೂ ಉಳಿದಿಲ್ಲ ಅಂದಮೇಲೆ, ಉಳಿದಿರುವ ಬೈನರಿಯೇ ತಿದ್ದಲು ಅನುಕೂಲವಾದ ರೂಪ ಅಲ್ಲವೇ ಅಂತ. ಫಾಂಟ್ ವಿಷಯದಲ್ಲಿ ನಾನು ಇದನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಫಾಂಟಿನ ಟಿಟಿಎಫ್ ಫೈಲನ್ನು ಫಾಂಟ್‌ಫೋರ್ಜ್ ಎಂಬ ಫಾಂಟ್ ತಿದ್ದುವ ತಂತ್ರಾಂಶದಲ್ಲಿ ತೆರೆದರೆ ಅಕ್ಷರದ ಗೆರೆಗಳು ಕಣ್ಣೆದುರೇ ಇರುತ್ತವೆ, ಒತ್ತಕ್ಷರ ಸ್ವಲ್ಪ ಕೆಳಗಿಳಿಸಬೇಕಾದರೆ ಇಳಿಸಬಹುದು.

ಇಎಕ್ಸ್‌ಇ ಹಾಗಲ್ಲ. ಒಂದು ಮಂಡಿಯ ಪ್ರೋಗ್ರಾಮನ್ನು, ಫೈಲಿನ ಬೈಟುಗಳನ್ನು ಹಾಗೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದು ಕೂತಿದ್ದೆ. ರಾಶಿ, ಬೆಟ್ಟೆ, ಗೊರಬಲು ಅನ್ನುವ ಅಡಿಕೆ ಬಗೆಗಳ ಹೆಸರೆಲ್ಲ ಹಳೆಯ ನುಡಿ ಫಾಂಟಿನ ಸಂಕೇತದಲ್ಲಿದ್ದವು. ಹಾಗಾಗಿ ಅಲ್ಲಿ ಕಂಡದ್ದು ಬರೀ ಲ್ಯಾಟಿನ್ ಅಕ್ಷರಗಳ ಗೋಜಲು. ಬೈನರಿಯಿಂದ ಕೋಡನ್ನು ಮರಳಿ ಪಡೆಯಲು ನೋಡುವ ಡಿಕಂಪೈಲರ್ ಓಡಿಸಿದರೆ ಬಟನ್ ಎಲ್ಲಿತ್ತು, ಅದರ ಹೆಸರೇನು ಅನ್ನುವಷ್ಟು ಸಿಕ್ಕಿತು. ಮಾರುಕಟ್ಟೆ ಶುಲ್ಕವನ್ನು ಲೆಕ್ಕ ಹಾಕುವ ಜಾಗದಲ್ಲಿ ಮಾತ್ರ ಯಂತ್ರಕ್ಕಷ್ಟೇ ತಿಳಿಯುವ ಸೂಚನೆಗಳ ಸಾಲು. ವೇರಿಯಬಲ್‌ಗಳ ಹೆಸರಿಲ್ಲ, ಟಿಪ್ಪಣಿ ಇಲ್ಲ. ಶುಲ್ಕದ ದರ ಒಂದು ಬದಲಾದರೆ ಆ ಮಂಡಿಯವರು ಏನು ಮಾಡಬೇಕು? ತಿದ್ದಲು ಅನುಕೂಲವಾದ ರೂಪ ಇದೇ ಅಂತ ಅವರ ಮುಖ ನೋಡಿ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಎಂಐಟಿ ಲೈಸೆನ್ಸ್ ಹಾಕಿ. ಅದು ಬಳಸಲು, ನಕಲು ಮಾಡಲು, ಬದಲಿಸಲು, ಹಂಚಲು ಅನುಮತಿ ಕೊಡುತ್ತದೆ, ಸೋರ್ಸ್ ಕೊಡಲೇಬೇಕೆಂದು ಹಟ ಹಿಡಿಯುವುದಿಲ್ಲ. ತೀರ್ಥಹಳ್ಳಿಯವರು ನಿಶ್ಚಿಂತೆಯಿಂದ ಮುಂದೆ ದಾಟಿಸಬಹುದು. ಆದರೆ ಅದನ್ನು ಸ್ವತಂತ್ರ ತಂತ್ರಾಂಶ ಅಂತ ಕರೆಯಬೇಡಿ. ಅಧ್ಯಯನ ಮಾಡಿ ತಿದ್ದುವ ಸ್ವಾತಂತ್ರ್ಯಕ್ಕೆ ಸೋರ್ಸ್ ಬೇಕೇ ಬೇಕು ಎಂದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ವ್ಯಾಖ್ಯೆಯಲ್ಲೇ ಇದೆ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಮಾರ್ಗಸೂಚಿಯೂ ಪ್ರೋಗ್ರಾಮಿನ ಜೊತೆ ಸೋರ್ಸ್ ಇರಬೇಕು ಅನ್ನುತ್ತದೆ. ಆ ಹೆಸರನ್ನು ನಂಬಿ, ಬೇಕಾದಾಗ ತಿದ್ದಿಸಿಕೊಳ್ಳಬಹುದು ಅಂದುಕೊಂಡು ಜನ ತಮ್ಮ ಲೆಕ್ಕವನ್ನೆಲ್ಲ ಅದಕ್ಕೆ ತುಂಬುತ್ತಾರೆ. “ಸೋರ್ಸ್ ಕಳೆದುಹೋಗಿದೆ” ಅಂತ ರೀಡ್‌ಮಿ ಫೈಲಿನ ಮೊದಲ ಸಾಲಿನಲ್ಲೇ ಬರೆಯಿರಿ. ಪ್ರೋಗ್ರಾಮ್ ಓಡಲು ಬೇಕಾದ ವಿಷುಯಲ್ ಬೇಸಿಕ್ ರನ್‌ಟೈಮ್ ಮೈಕ್ರೋಸಾಫ್ಟ್‌ನದು, ಅದಕ್ಕೆ ನಿಮ್ಮ ಲೈಸೆನ್ಸ್ ಅನ್ವಯಿಸದು ಅನ್ನುವುದನ್ನೂ ಸೇರಿಸಿ.

ನನ್ನ ಆಸೆ ಇದಕ್ಕಿಂತ ದೊಡ್ಡದು. ಈ ಪ್ರೋಗ್ರಾಮ್‌ಗಳ ಲೆಕ್ಕವೆಲ್ಲ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್‌ನ ಎಂಡಿಬಿ ಫೈಲಿನಲ್ಲಿರುತ್ತದೆ. ಪಾಸ್‌ವರ್ಡ್ ಇಲ್ಲದಿದ್ದರೆ ಎಂಡಿಬಿಟೂಲ್ಸ್ ಎಂಬ ಸ್ವತಂತ್ರ ತಂತ್ರಾಂಶದಿಂದ ಅದರ ಕೋಷ್ಟಕಗಳನ್ನು ಹೊರತೆಗೆಯಬಹುದು. ಲೆಕ್ಕದ ಪದ್ಧತಿಯನ್ನು ಮಂಡಿಯ ಗುಮಾಸ್ತರ ಪಕ್ಕ ಕೂತು ಬರೆದುಕೊಳ್ಳಿ: ತೂಕದಲ್ಲಿ ಎಷ್ಟು ಕಳೆಯುತ್ತಾರೆ, ರೈತರಿಗೆ ಕೊಟ್ಟ ಮುಂಗಡಕ್ಕೆ ಬಡ್ಡಿ ಯಾವ ದಿನದಿಂದ ಹಾಕುತ್ತಾರೆ, ಎಲ್ಲ. ನ್ಯಾಯವಾಗಿ ಕೈಗೆ ಬಂದ ಪ್ರೋಗ್ರಾಮನ್ನು ಬಳಸುತ್ತಲೇ ಗಮನಿಸಿ, ಅದರ ಹಿಂದಿನ ತತ್ವ ತಿಳಿದುಕೊಳ್ಳಲು ನಮ್ಮ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಆ ತಿಳಿವಳಿಕೆಯಿಂದ ಹೊಸದಾಗಿ ಕೋಡ್ ಬರೆದು, ಅದಕ್ಕೆ ಧಾರಾಳವಾಗಿ ಜಿಪಿಎಲ್ ಹಾಕಿ.

ಅದಕ್ಕೂ ಮುಂಚೆ ಇನ್ನೊಮ್ಮೆ ಹುಡುಕಿ. ನಮ್ಮ ಮಳೆಗಾಲದ ಥಂಡಿಗೆ ಅಟ್ಟದ ಮೇಲಿನ ಸಿಡಿಗಳಿಗೆ ಬೂಷ್ಟು ಹಿಡಿಯುತ್ತದೆ, ತಡಮಾಡಬೇಡಿ. ಬರೆದವನಿಗೆ ಫೋನ್ ಮಾಡಿದಾಗಲೇ ಹಳೆಯ ಇಮೇಲ್‌ಗಳಲ್ಲಿ ಜಿಪ್ ಫೈಲ್ ಇದೆಯೇ ನೋಡು ಅನ್ನಿ. ಅರ್ಧಂಬರ್ಧ ಸಿಕ್ಕರೂ, ಕಂಪೈಲ್ ಆಗದಿದ್ದರೂ, ಸಿಕ್ಕಷ್ಟನ್ನು ಹಾಗೇ ಪ್ರಕಟಿಸಿ.