ಮಿಯಾಗಿ ಕುಡಿದ ರಾತ್ರಿ

ಅಕ್ಕನ ಮಗ 'ಕೋಬ್ರಾ ಕೈ' ಸೀರೀಸ್ ಪೂರ್ತಿ ನೋಡಿ ಮುಗಿಸಿದ್ದ. ಅದಕ್ಕೆ ಮೂಲವಾದ 1984ರ 'ದಿ ಕರಾಟೆ ಕಿಡ್' ಮಾತ್ರ ನೋಡಿರಲಿಲ್ಲ. ಬೇಸಿಗೆ ರಜೆಯಲ್ಲಿ ಒಂದು ಭಾನುವಾರ ಊಟ ಆದಮೇಲೆ ಹಾಕಿಕೊಂಡು ಕೂತೆವು. ಅಪ್ಪನೂ ಬಂದರು. ಅವರಿಗೆ ಅಮೆರಿಕದ ಇಂಗ್ಲಿಷ್ ಅಷ್ಟಾಗಿ ಕಿವಿಗೆ ಹತ್ತುವುದಿಲ್ಲ, ಆದರೆ ಟಿವಿ ಹಾಕಿದರೆ ಎದ್ದು ಹೋಗುವವರೂ ಅಲ್ಲ.

ಕಥೆ ಗೊತ್ತಲ್ವಾ? ಅಮ್ಮನ ಜೊತೆ ಲಾಸ್ ಏಂಜಲೀಸ್‌ಗೆ ಬಂದ ಡೇನಿಯಲ್ ಅಲ್ಲಿನ ಹುಡುಗರ ಕೈಲಿ ಒದೆ ತಿನ್ನುತ್ತಾನೆ. ಅವರ ಅಪಾರ್ಟ್‌ಮೆಂಟಿನಲ್ಲಿ ರಿಪೇರಿ ಕೆಲಸ ಮಾಡಿಕೊಂಡಿರುವ ಓಕಿನಾವಾದ ಮುದುಕ ಮಿಯಾಗಿ, ಕರಾಟೆ ಕಲಿಸ್ತೀನಿ ಅಂತ ಒಪ್ಪಿಕೊಂಡು, ಅವನ ಕೈಲಿ ಕಾರುಗಳಿಗೆ ವ್ಯಾಕ್ಸ್ ಹಾಕಿಸುತ್ತಾನೆ, ಮರದ ನೆಲ ಉಜ್ಜಿಸುತ್ತಾನೆ, ಬೇಲಿಗೆ ಬಣ್ಣ ಬಳಿಸುತ್ತಾನೆ, ಸಾಲದ್ದಕ್ಕೆ ಮನೆಗೂ. "ಕೂಲಿ ಕೊಡದೆ ದುಡಿಸ್ಕೊಳ್ತಿದಾನಲ್ಲೋ ಮುದುಕ" ಅಂದರು ಅಪ್ಪ.

ಆಮೇಲೆ ಹುಡುಗ ಸಿಟ್ಟಾಗಿ ಹೊರಟಾಗ ಮಿಯಾಗಿ ಏಟು ಬೀಸುತ್ತಾನೆ. ವ್ಯಾಕ್ಸ್ ಉಜ್ಜಿದ ಕೈ ತಾನಾಗೇ ಏಳುತ್ತೆ, ಏಟು ತಡೆಯುತ್ತೆ. ಅಪ್ಪ ನೆಟ್ಟಗೆ ಕೂತರು. "ಲೋ, ಇದು ಆರುಣಿ ಕಥೆ ಕಣೋ!" ಸಿನಿಮಾ ನಿಲ್ಲಿಸಲೇಬೇಕಾಯಿತು. ಧೌಮ್ಯರು ಗದ್ದೆ ಬದು ಕಟ್ಟಿ ಬಾ ಅಂತ ಕಳಿಸಿದ್ದು, ಮಣ್ಣು ನಿಲ್ಲದೆ ಆರುಣಿ ತಾನೇ ನೀರಿಗೆ ಅಡ್ಡ ಮಲಗಿದ್ದು, ಎಲ್ಲ ಹೇಳಿದರು. ಹುಡುಗ ಕೇಳಿ, "ಧೌಮ್ಯರ ಮನೇಲಿ ಯಾರ್ಯಾರಿದ್ರು ತಾತಾ?" ಅಂದ. ಅಪ್ಪನ ಹತ್ತಿರ ಉತ್ತರ ಇರಲಿಲ್ಲ. "ಗುರುಗಳು ಕಣೋ, ಗುರುಗಳು" ಅಂದರು.

ಅವನ ಪ್ರಶ್ನೆ ನನ್ನ ತಲೆಯಲ್ಲೇ ಉಳಿಯಿತು. ಕಥೆಗಳಲ್ಲಿ ಬರುವ ಹಿರಿಯ ಗುರುಗಳು ಹೆಚ್ಚಿನವರು ಹಾಗೇನೇ. ಬರುತ್ತಾರೆ, ವಿದ್ಯೆ ಕೊಡುತ್ತಾರೆ, ಹೋಗುತ್ತಾರೆ. ಅವರಿಗೂ ಒಂದು ಮನೆ ಇತ್ತಾ ಅಂತ ಕೇಳೋಕೆ ನಮಗೆ ತೋಚೋದೇ ಇಲ್ಲ. 'ಸ್ಟಾರ್ ವಾರ್ಸ್'ನ ಮುದಿ ಗುರು ಓಬಿವಾನ್ ಕೂಡ ಸಿನಿಮಾ ಮುಗಿಯುವ ಮೊದಲೇ ಸಾಯುತ್ತಾನೆ. ಆಮೇಲೆ ಅವನಿಗೆ ಕೆಲಸವೇ ಇಲ್ಲ ಅಂತ ನಿರ್ದೇಶಕ ಜಾರ್ಜ್ ಲೂಕಾಸ್‌ಗೆ ಅನ್ನಿಸಿತ್ತಂತೆ.

ಮಿಯಾಗಿಗೆ ಮಾತ್ರ ಒಂದು ರಾತ್ರಿ ಸಿಕ್ಕಿದೆ. ಡೇನಿಯಲ್ ಹೋದಾಗ ಮುದುಕ ಹಳೇ ಮಿಲಿಟರಿ ಸಮವಸ್ತ್ರ ಹಾಕಿಕೊಂಡು ಕುಡಿದು ಕೂತಿದ್ದಾನೆ. ಅವತ್ತು ಅವನ ಮದುವೆಯ ವಾರ್ಷಿಕೋತ್ಸವ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಜಪಾನಿ ಮೂಲದ ಸುಮಾರು 1,20,000 ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿತ್ತು. ಅಂಥದ್ದೊಂದು ಶಿಬಿರ ಮಂಜಾನಾರ್. ಅಲ್ಲಿ ಹೆರಿಗೆಯಲ್ಲಿ ಅವನ ಹೆಂಡತಿ, ಮಗು ಇಬ್ಬರೂ ಸತ್ತರು. ಆಗ ಅವನು ಅದೇ ಅಮೆರಿಕದ ಪರವಾಗಿ ಯುರೋಪಿನಲ್ಲಿ ಯುದ್ಧ ಮಾಡುತ್ತಿದ್ದ. ಆ ಸಾವಿನ ಸುದ್ದಿ ತಂದಿದ್ದ ಹಳೇ ಟೆಲಿಗ್ರಾಮ್ ಓದಿದ ಹುಡುಗ ಅವನನ್ನು ಮಲಗಿಸಿ, ತಲೆ ಬಾಗಿಸಿ ಹೋಗುತ್ತಾನೆ. ಇಡೀ ಸಿನಿಮಾದಲ್ಲಿ ಇಲ್ಲಿ ಮಾತ್ರ ಮಿಯಾಗಿ ಏನನ್ನೂ ಕಲಿಸುವುದಿಲ್ಲ. ನನಗೆ ಅವನು ದೊಡ್ಡವನಾಗಿದ್ದು ಇಲ್ಲೇ.

ಕಥೆಯ ವೇಗಕ್ಕೆ ಅಡ್ಡಿ ಅಂತ ಸ್ಟುಡಿಯೋದವರು ಇದನ್ನು ಕತ್ತರಿಸಲು ಹೇಳಿದ್ದರಂತೆ. ನಿರ್ದೇಶಕ ಜಾನ್ ಅವಿಲ್ಡ್‌ಸನ್ ಒಪ್ಪಲಿಲ್ಲ, ಸದ್ಯ! ಪಾತ್ರ ಮಾಡಿದ ಪ್ಯಾಟ್ ಮೊರಿಟಾ 1932ರಲ್ಲಿ ಹುಟ್ಟಿದವರು. ಬೆನ್ನುಮೂಳೆ ಕ್ಷಯದಿಂದ ಬಾಲ್ಯವೆಲ್ಲ ಆಸ್ಪತ್ರೆಯಲ್ಲೇ ಕಳೆದು, ಅಲ್ಲಿಂದ ನೇರ ಅಂಥದ್ದೇ ಶಿಬಿರಕ್ಕೆ ಹೋದ ಹುಡುಗ. ಮುಂದೆ ಹಾಸ್ಯಗಾರನಾಗಿ ಹೆಸರು ಮಾಡಿದ್ದರಿಂದಲೇ ನಿರ್ಮಾಪಕರು ಮೊದಲು ಬೇಡ ಅಂದಿದ್ದರು. ಕೊನೆಗೆ ಇದೇ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಬಂತು.

ಅಪ್ಪನಿಗೆ ಟೆಲಿಗ್ರಾಮಿನಲ್ಲಿ ಏನಿದೆ ಅಂತ ನಾನೇ ಹೇಳಬೇಕಾಯಿತು. "ಅದಕ್ಕೇ ಆ ಹುಡುಗನನ್ನ ಅಷ್ಟು ಹಚ್ಚಿಕೊಂಡಿದಾನೆ" ಅಂದರು. ಕೊನೆಯ ಫೈಟಿನ ಹೊತ್ತಿಗೆ ಅವರಿಗೆ ಜೋಂಪು ಹತ್ತಿತ್ತು.

ಸಂಜೆ ಹುಡುಗ 1986ರ ಎರಡನೇ ಭಾಗವನ್ನೂ ಹಾಕಿಸಿದ. ಅದರಲ್ಲಿ ಮಿಯಾಗಿ ಓಕಿನಾವಾಕ್ಕೆ ಹೋಗುತ್ತಾನೆ. ಅವನ ಅಪ್ಪ, ಹಳೇ ಪ್ರೇಮ, ಹಳೇ ವೈರಿ, ಎಲ್ಲವೂ ತೆರೆ ಮೇಲೇ ಬರುತ್ತೆ. ಎಲ್ಲ ತೋರಿಸಿದ್ದೇ ಜಾಸ್ತಿಯಾಯಿತು ಅಂತ ನನ್ನ ಲೆಕ್ಕ. ಹುಡುಗ ಮಾತ್ರ ಇದೇ ಚೆನ್ನಾಗಿದೆ ಅಂತಾನೆ, ಮನೇಲಿ ಯಾರ್ಯಾರಿದ್ರು ಅಂತ ಇದರಲ್ಲಾದರೂ ಗೊತ್ತಾಯ್ತಲ್ಲ ಮಾಮ, ಅಂತ ವಾದ.