ಘಟ್ಟ ಇಳಿಯೋ ಬೈಕಿಗೆ ಎಂಥ ಗ್ರಿಪ್ಪು ಹಾಕ್ಬೇಕು

ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರು, ದೂರ ಅಂತ ಯಾರೂ ಹೇಳೋದಿಲ್ಲ, ಆದ್ರೆ ದೇವಿಮನೆ ಘಟ್ಟದ ತಿರುವುಗಳಲ್ಲಿ ಎಡಗೈ ಕ್ಲಚ್ಚು ಬಿಡ್ಲಿಕ್ಕಿಲ್ಲ ಬಲಗೈ ಬ್ರೇಕು ಬಿಡ್ಲಿಕ್ಕಿಲ್ಲ, ಮುಂದೆ ಒಂದು ಲಾರಿ ಸಿಕ್ಕಿಬಿಟ್ರೆ ಕತಗಾಲ ಮುಟ್ಟೋವರೆಗೂ ಹಾಫ್ ಕ್ಲಚ್ಚಲ್ಲೇ ಹೋಗ್ಬೇಕು, ಅಷ್ಟೊತ್ತಿಗೆ ಕಿರುಬೆರಳು ಉಂಗುರದ ಬೆರಳು ಎರಡೂ ಜೋಮು ಹಿಡಿದಿರ್ತದೆ. ಇದು ನಮ್ಮ ಕಡೆ ದಿನಾ ಓಡಾಡೋ ಎಲ್ರಿಗೂ ಗೊತ್ತಿರೋದೇ. ಸೀಟು ಮೆತ್ತಗೆ ಮಾಡಿಸ್ತಾರೆ, ಶಾಕ್ ಅಬ್ಸಾರ್ಬರ್ ಬದಲಾಯಿಸ್ತಾರೆ, ಹ್ಯಾಂಡಲ್ಲಿನ ಗ್ರಿಪ್ಪು ಮಾತ್ರ ಬೈಕ್ ತಗೊಂಡಾಗ ಬಂದಿದ್ದೇ ಇರ್ತದೆ, ಅದು ಸವೆದು ಅಂಟಂಟಾಗಿ ಕೈಗೆ ಕಪ್ಪು ಹತ್ತೋವರೆಗೂ ಯಾರೂ ಮುಟ್ಟೋದಿಲ್ಲ. ಬೈಕಿಗೂ ನಮಗೂ ಪೂರ್ತಿ ಹೊತ್ತು ಸಂಬಂಧ ಇರೋ ಜಾಗ ಅಂದ್ರೆ ಅದು, ಅದಕ್ಕೇ ಇಷ್ಟು ಉದ್ದ ಬರೀತಾ ಇದೀನಿ.

ಅಂಗಡಿಗೆ ಹೋಗಿ ಕಂಫರ್ಟ್ ಗ್ರಿಪ್ ಬೇಕು ಅಂದ್ರೆ ಜೆಲ್ಲಿಂದು ಇಲ್ಲಾ ಫೋಮಿಂದು ಕೊಡ್ತಾರೆ, ನಾವೂ ಹೆಬ್ಬೆರಳಲ್ಲಿ ಒತ್ತಿ ನೋಡಿ ಆಹಾ ಮೆತ್ತಗಿದೆ ಅಂತ ತರ್ತೀವಿ. ಹೆಬ್ಬೆರಳಲ್ಲಿ ಒತ್ತಿ ನೋಡಿದ್ರಿಂದ ಎಂತದೂ ಗೊತ್ತಾಗೋದಿಲ್ಲ. ನಾವು ಗ್ರಿಪ್ಪನ್ನ ಒತ್ತೋದಲ್ಲ, ಹಿಡಿಯೋದು, ಅದೂ ತಿರುಗಿಸ್ತಾ ಹಿಡಿಯೋದು. ತೀರಾ ಮೆತ್ತಗಿರೋ ಗ್ರಿಪ್ಪು ಥ್ರಾಟಲ್ ಕೊಡೋವಾಗ ಅಂಗೈಯೊಳಗೆ ಸ್ವಲ್ಪ ಹೊರಳ್ತದೆ, ಹೊರಳ್ತದೆ ಅಂತ ಗೊತ್ತಾದ ಕೂಡ್ಲೇ ಕೈ ತನ್ನಷ್ಟಕ್ಕೇ ಇನ್ನೂ ಗಟ್ಟಿ ಹಿಡೀತದೆ, ಗಟ್ಟಿ ಹಿಡಿದಷ್ಟೂ ಮುಂಗೈ ಸೋಲ್ತದೆ, ಇಂಜಿನ್ನಿನ ನಡುಕಾನೂ ಗಟ್ಟಿ ಹಿಡಿದ ಕೈಗೇ ಜಾಸ್ತಿ ಹತ್ತೋದು. ಹಾಗಾಗಿ ನನ್ನ ಪ್ರಕಾರ ಕಂಫರ್ಟು ಅಂದ್ರೆ ಕಡಿಮೆ ಬಿಗಿ ಹಿಡಿದ್ರೂ ಜಾರದೇ ನಿಲ್ಲೋ ಗ್ರಿಪ್ಪು. ಅದು ನಿರ್ಧಾರ ಆಗೋದು ಮೊದಲು ದಪ್ಪದಿಂದ, ಆಮೇಲೆ ಮೇಲ್ಮೈಯಿಂದ, ಮೆತ್ತಗೆ ಗಟ್ಟಿ ಅನ್ನೋದೆಲ್ಲ ಮೂರನೇದು.

ಗುದ್ದಲಿಗೆ ಕಾವು ಹಾಕಿಸೋವಾಗ ಹೇಗೆ ನೋಡ್ತಾರೆ ಹೇಳಿ, ಮುಷ್ಟಿಯಲ್ಲಿ ಹಿಡಿದು ದಪ್ಪ ಆಯ್ತಾ ಸಪೂರ ಆಯ್ತಾ ಅಂತ ನೋಡ್ತಾರೆ, ಸಪೂರ ಕಾವಾದ್ರೆ ಅರ್ಧ ದಿನದಲ್ಲಿ ಬೊಬ್ಬೆ ಏಳ್ತದೆ ಅಂತ ತೋಟದಲ್ಲಿ ಕೆಲಸ ಮಾಡೋ ಯಾರನ್ನ ಕೇಳಿದ್ರೂ ಹೇಳ್ತಾರೆ. ನಮ್ಮ ಮಾವನ ಹಳೇ ಬುಲೆಟ್ಟಿಗೆ ಗ್ರಿಪ್ ಬದಲಾಯಿಸ್ಬೇಕು ಅಂತ ಹೊರಟಾಗ ನಾನು ಇದನ್ನೇ ಹೇಳಿದ್ದು. ಮಾವನ ಕೈ ದೊಡ್ಡದು, ಕಂಪನಿ ಗ್ರಿಪ್ಪು ಹಿಡಿದ್ರೆ ಬೆರಳ ತುದಿ ಬಂದು ಅಂಗೈಗೇ ಚುಚ್ತಿತ್ತು. ಅಂಗಡಿಯಲ್ಲಿ ಒಂದು ಜೆಲ್ ಗ್ರಿಪ್ ಹಿಡಿದು ತಿರುಚಿ ನೋಡಿ ಅವರೇ ಅಂದ್ರು, "ತಮಾ, ಮೆತ್ತಗೆ ಇದ್ದು, ಆದ್ರೆ ಕೈಯಲ್ಲಿ ನಿಲ್ತಿಲ್ಲೆ." ಅಷ್ಟೇ ಮಾತು, ಅದಕ್ಕಿಂತ ಚೆಂದ ನಂಗೂ ಹೇಳ್ಲಿಕ್ಕೆ ಬರೋದಿಲ್ಲ.

ದಪ್ಪ ಸರಿ ಇದ್ಯಾ ಅಂತ ನೋಡೋದು ಸುಲಭ. ಗ್ರಿಪ್ಪನ್ನ ಆರಾಮಾಗಿ ಹಿಡಿರಿ, ಹೆಬ್ಬೆರಳ ತುದಿ ತೋರುಬೆರಳ ತುದಿಗೆ ಮುಟ್ಬೇಕು ಅಥವಾ ಸ್ವಲ್ಪ ಮೇಲೆ ಬರ್ಬೇಕು, ಉಳಿದ ಬೆರಳ ತುದಿಗಳಿಗೂ ಅಂಗೈಗೂ ನಡುವೆ ಚೂರು ಜಾಗ ಇರ್ಬೇಕು. ಉಗುರು ಅಂಗೈಗೆ ಒತ್ತಿದ್ರೆ ಸಪೂರ ಆಯ್ತು, ಹೆಬ್ಬೆರಳು ತೋರುಬೆರಳು ಮುಟ್ಟೋದೇ ಇಲ್ಲ ಅಂದ್ರೆ ದಪ್ಪ ಆಯ್ತು. ಈಗಿರೋದು ಎಷ್ಟು ದಪ್ಪ ಅಂತ ತಿಳಿಲಿಕ್ಕೆ ವರ್ನಿಯರ್ ಬೇಕಂತಿಲ್ಲ, ಒಂದು ದಾರ ಸುತ್ತಿ ಉದ್ದ ಅಳೆದು 3.14ರಿಂದ ಭಾಗಿಸಿದ್ರೆ ಆಯ್ತು, ದಾರ 100 ಮಿ.ಮೀ. ಬಂದ್ರೆ ಗ್ರಿಪ್ಪು ಹತ್ತಿರ ಹತ್ತಿರ 32 ಮಿ.ಮೀ., 110 ಬಂದ್ರೆ 35. ಮೂರು ಮಿಲಿಮೀಟರು ಎಂತ ಮಹಾ ಅನ್ನಿಸ್ತದೆ, ಕೈಗೆ ಅದು ಬಹಳ ದೊಡ್ಡ ವ್ಯತ್ಯಾಸ. ದುಡ್ಡು ಹಾಕೋ ಮುಂಚೆ ಪರೀಕ್ಷೆ ಮಾಡ್ಬೇಕು ಅಂದ್ರೆ ಹಳೇ ಸೈಕಲ್ ಟ್ಯೂಬು ಪಟ್ಟಿ ಕತ್ತರಿಸಿ ಗ್ರಿಪ್ ಮೇಲೆ ಒಂದು ಸುತ್ತು ಬಿಗಿಯಾಗಿ ಸುತ್ತಿ ಒಂದು ವಾರ ಓಡಿಸಿ ನೋಡಿ, ಇಲ್ಲಾ ಬ್ಯಾಡ್ಮಿಂಟನ್ ರಾಕೆಟ್ಟಿಗೆ ಸುತ್ತೋ ಟೇಪು ಸಿಗ್ತದಲ್ಲ ಅದನ್ನ ಸುತ್ತಿ. ಎಡಗಡೆ ಮಾತ್ರ ಸುತ್ತಿ ನೋಡಿದ್ರೂ ಸಾಕು, ಥ್ರಾಟಲ್ಲಿಗೆ ತೊಂದ್ರೆ ಆಗೋದಿಲ್ಲ. ದಪ್ಪ ಬೇಕೋ ಬೇಡ್ವೋ ಅಂತ ಕೈಯೇ ಹೇಳ್ತದೆ.

ಇಲ್ಲೊಂದು ವಿಷಯ, ದಪ್ಪ ಜಾಸ್ತಿ ಆದ್ರೆ ಲಿವರು ದೂರ ಆಗ್ತದೆ. ಅಂಗೈ ಹಿಂದೆ ಸರೀತದೆ, ಕ್ಲಚ್ ಲಿವರು ಅಲ್ಲೇ ಇರ್ತದೆ, ಮತ್ತೆ ಲಿವರು ಪೂರ್ತಿ ಎಳೆಯೋ ಮುಂಚೆ ಗ್ರಿಪ್ಪಿಗೆ ತಾಗಿಬಿಡಬಹುದು. ಹಳೇ ಗ್ರಿಪ್ ಮೇಲೇ ತೊಡಿಸೋ ಫೋಮ್ ಕವರಿನ ದೊಡ್ಡ ತೊಂದ್ರೆ ಇದೇ. ನನ್ನ ತಂಗಿಯಂಥ ಸಣ್ಣ ಕೈಯವರಿಗೆ ಅದು ಬೇಡವೇ ಬೇಡ, ಹೈವೇಯಲ್ಲಿ ಅಂಕೋಲಾದಿಂದ ಕಾರವಾರಕ್ಕೆ ನೇರ ಹೋಗೋವಾಗ ಆರಾಮ ಅನ್ನಿಸ್ತದೆ, ಅದೇ ಅರಬೈಲ್ ಘಟ್ಟದಲ್ಲಿ ಲಾರಿ ಹಿಂದೆ ಸಿಕ್ಕಿಹಾಕಿಕೊಂಡಾಗ ಬೆರಳು ಎಳೆದೆಳೆದು ಸೋತುಹೋಗ್ತದೆ.

ಅಳತೆ ವಿಷಯಕ್ಕೆ ಬಂದ್ರೆ ನಮ್ಮ ಬಹುತೇಕ ಬೈಕುಗಳ ಹ್ಯಾಂಡಲ್ ಪೈಪು ಗ್ರಿಪ್ ಕೂರೋ ಜಾಗದಲ್ಲಿ 22 ಮಿ.ಮೀ., ಹಾರ್ಲೆಯಂಥ ಕ್ರೂಸರುಗಳದ್ದು ಒಂದಿಂಚು ಅಂದ್ರೆ 25.4 ಮಿ.ಮೀ. ಇರ್ತದೆ. ಬಲಗಡೆ ಪೈಪಿನ ಮೇಲೆ ಥ್ರಾಟಲ್ ಸ್ಲೀವು, ಅಂದ್ರೆ ಗ್ರಿಪ್ಪಿನ ಜೊತೆ ತಿರುಗೋ ಕೊಳವೆ ಇರೋದ್ರಿಂದ ಬಲದ ಗ್ರಿಪ್ಪಿನ ತೂತು ಎಡಕ್ಕಿಂತ ದೊಡ್ಡದು, ಜೋಡಿಯಲ್ಲಿ ಒಂದು ದೊಡ್ಡದು ಬಂದಿದೆ ಅಂತ ವಾಪಸ್ ಕಳಿಸ್ಬೇಡಿ. ಹ್ಯಾಂಡಲ್ ತುದಿಯಲ್ಲಿ ಬಾರ್ ಎಂಡ್ ವೇಟು ಅನ್ನೋ ಭಾರದ ತುಂಡು ಇದ್ರೆ ತುದಿ ತೆರೆದಿರೋ ಗ್ರಿಪ್ಪೇ ಬೇಕು. ಉದ್ದಾನೂ ಅಳೆದುಕೊಳ್ಳಿ.

ಈಗ ಮಳೆ. ಇದನ್ನ ಬಿಟ್ಟು ನಮ್ಮ ಜಿಲ್ಲೆಯಲ್ಲಿ ಯಾವ ಗ್ರಿಪ್ಪಿನ ಮಾತೂ ಆಡ್ಲಿಕ್ಕೆ ಆಗೋದಿಲ್ಲ. ಎಲ್ಲೆಲ್ಲೋ ಒಣ ಹವೆಯಲ್ಲಿ ಓಡಿಸೋರು ಫೋಮ್ ಗ್ರಿಪ್ ಹೊಗಳ್ತಾರೆ, ಅವರಿಗೆ ಅದು ನಿಜಾನೇ, ಫೋಮು ಹಗುರ, ನಡುಕಾನೂ ಚೆನ್ನಾಗಿ ತಡೀತದೆ. ಇಲ್ಲಿ ಜೂನಿಂದ ಸೆಪ್ಟೆಂಬರವರೆಗೆ ಅದು ನೀರು ಕುಡಿದುಕೊಂಡೇ ಇರ್ತದೆ, ಹಿಡಿದ್ರೆ ಬೆರಳ ಸಂದಿಯಲ್ಲಿ ನೀರು ಬರ್ತದೆ, ರಾತ್ರಿ ಇಡೀ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ರೂ ಒಣಗೋದಿಲ್ಲ, ಆಮೇಲೆ ಬೇಸಿಗೆ ಬಿಸಿಲಿಗೆ ಪುಡಿಪುಡಿ ಉದುರ್ತದೆ. ಚರ್ಮ ಸುತ್ತಿದ್ದು ನೋಡ್ಲಿಕ್ಕೆ ಬಹಳ ಚೆಂದ, ಬುಲೆಟ್ಟಿಗೆ ಒಪ್ತದೆ ಕೂಡ, ಆದ್ರೆ ಶಿರಸಿ ಸಿದ್ದಾಪುರದ ಆಷಾಢದಲ್ಲಿ ಚಪ್ಪಲಿಗೆ ಬೆಲ್ಟಿಗೆ ಬೂಷ್ಟು ಬರೋ ಹಾಗೆ ಅದಕ್ಕೂ ಬರ್ತದೆ. ಅಲ್ಯೂಮಿನಿಯಂ ತುದಿ ಇರೋದಕ್ಕೆ ಕಾರವಾರದ ಉಪ್ಪುಗಾಳಿ ಹತ್ತಿ ಬಿಳಿ ಬಿಳಿ ಪುಡಿ ಏಳ್ತದೆ. ಜೆಲ್ಲಿನ ಮೇಲಿನ ತೆಳು ಪದರ ಒಮ್ಮೆ ಹರಿದ್ರೆ ಮುಗೀತು. ಎಲ್ಲಾ ಸುತ್ತಿ ಬಂದ್ರೆ ಉಳಿಯೋದು ಒಳ್ಳೇ ರಬ್ಬರು, ಅದ್ರಲ್ಲೂ ಒಳಗಡೆ ಗಟ್ಟಿ ಮೇಲ್ಗಡೆ ಸ್ವಲ್ಪ ಮೆತ್ತಗೆ ಎರಡು ಥರದ ರಬ್ಬರು ಕೂಡಿಸಿ ಮಾಡಿದ್ದು. ಇಟಲಿಯ ಪ್ರೋಗ್ರಿಪ್, ಡೊಮಿನೊ, ಇಂಗ್ಲೆಂಡಿನ ರೆಂಥಾಲ್ ಇವರೆಲ್ಲ ಇಂಥವನ್ನ ಮಾಡ್ತಾರೆ, ಆದ್ರೆ ಹೆಸರೇ ಬೇಕಂತಿಲ್ಲ, ನಿಮ್ಮ ಕೈಗೆ ಕಂಪನಿ ಗ್ರಿಪ್ಪಿನ ದಪ್ಪ ಸರಿ ಇದ್ರೆ ಅದನ್ನೇ ಹೊಸದು ತಂದು ಹಾಕಿ, ಸವೆದ ಗ್ರಿಪ್ಪಿಗೂ ಹೊಸ ಗ್ರಿಪ್ಪಿಗೂ ಅಷ್ಟು ವ್ಯತ್ಯಾಸ ಇದೆ.

ಮೇಲಿನ ಗೀರುಗಳನ್ನೂ ನೋಡ್ಬೇಕು. ನೀರು ಹರಿದುಹೋಗ್ಲಿಕ್ಕೆ ದಾರಿ ಬೇಕು, ತೀರಾ ನುಣ್ಣಗಿದ್ರೆ ಮಳೆಯಲ್ಲಿ ಜಾರ್ತದೆ. ಹಾಗಂತ ಚೌಕ ಚೌಕ ಆಳವಾಗಿ ಎದ್ದಿರೋ ಡಿಸೈನು ಗ್ಲೌಸ್ ಹಾಕೋರಿಗೆ ಸರಿ, ನಮ್ಮ ಕಡೆ ಬಹಳ ಜನ ಬರಿಗೈಯಲ್ಲೇ ಓಡಿಸ್ತಾರೆ, ಅವರಿಗೆ ಅದು ಅಂಗೈ ತಿಂದುಹಾಕ್ತದೆ. ಬರಿಗೈಗೆ ಸಣ್ಣ ಸಣ್ಣ ಗೀರೇ ಒಳ್ಳೇದು. ಮತ್ತೆ ಅಡಿಕೆ ಸುಗ್ಗಿಯಲ್ಲಿ ಚೊಗರು ಹತ್ತಿದ ಕೈಯಲ್ಲೇ ಬೈಕ್ ಹತ್ತಿ ಗ್ರಿಪ್ ಅಂಟಂಟಾದ್ರೆ ಪೆಟ್ರೋಲ್ ಹಾಕಿ ಒರೆಸ್ತಾರೆ, ದಯವಿಟ್ಟು ಅದು ಬೇಡ, ಪೆಟ್ರೋಲಿಗೆ ರಬ್ಬರು ಉಬ್ಬಿ ಇನ್ನೂ ಅಂಟಾಗ್ತದೆ, ಸೋಪು ನೀರು ಹಳೇ ಬ್ರಷ್ಷು ಸಾಕು.

ನಡುಕದ ಬಗ್ಗೆ ಸ್ವಲ್ಪ. ಒಂದೇ ಸಿಲಿಂಡರಿನ ಇಂಜಿನ್ 4800 ಆರ್‌ಪಿಎಂನಲ್ಲಿ ಓಡ್ತಾ ಇದ್ರೆ ಪಿಸ್ಟನ್ ಸೆಕೆಂಡಿಗೆ 80 ಸಲ ಮೇಲೆ ಕೆಳಗೆ ಹೋಗಿಬರ್ತದೆ, ಆ ಹೊಡೆತಾನೇ ಹ್ಯಾಂಡಲ್ಲಿಗೆ ಬರೋದು. ರಬ್ಬರು ಇಲ್ಲಾ ಜೆಲ್ಲಿನ ಕೆಲವೇ ಮಿಲಿಮೀಟರ್ ಪದರ ಇದಕ್ಕಿಂತ ಸಣ್ಣ ಚುರುಚುರು ನಡುಕವನ್ನ ಕಡಿಮೆ ಮಾಡ್ತದೆ, ಹಳೇ ಬುಲೆಟ್ಟಿನ ನಿಧಾನದ ದೊಡ್ಡ ಕುಲುಕನ್ನ ತಡಿಲಿಕ್ಕೆ ಅದ್ರ ಕೈಲಿ ಆಗೋದಿಲ್ಲ. ಅದಕ್ಕೆ ಹ್ಯಾಂಡಲ್ ತುದಿಗೆ ಭಾರದ ಬಾರ್ ಎಂಡ್ ಹಾಕೋದು, ಇಂಜಿನ್ ಕೂರಿಸಿದ ಬೋಲ್ಟ್ ಸಡಿಲ ಆಗಿದ್ಯಾ ನೋಡೋದು ಹೆಚ್ಚು ಪ್ರಯೋಜನ. ರಾಯಲ್ ಎನ್‌ಫೀಲ್ಡಿನವರು 2020ರಲ್ಲಿ ಮೀಟಿಯರ್ ತಂದಾಗ ಅದ್ರ ಹೊಸ 350 ಇಂಜಿನ್ನಿಗೆ ನಡುಕ ತಗ್ಗಿಸೋ ಬ್ಯಾಲೆನ್ಸರ್ ಶಾಫ್ಟ್ ಹಾಕಿದ್ರು, ಹಳೇ ಬುಲೆಟ್ಟು, ಮೀಟಿಯರ್ ಎರಡನ್ನೂ ಒಂದೇ ದಿನ ಓಡಿಸಿ ನೋಡಿದವರ ಕೈಗೆ ಗೊತ್ತಾಗ್ತದೆ ಅದೆಷ್ಟು ಬದಲಾವಣೆ ಅಂತ.

ಯಾವ ಬೆರಳು ಜೋಮು ಹಿಡೀತದೆ ಅಂತ ಗಮನ ಇಡಿ, ಅದ್ರಿಂದ ಬಹಳ ತಿಳೀತದೆ. ಕಿರುಬೆರಳು, ಉಂಗುರದ ಬೆರಳಿನ ಹೊರಗಿನ ಅರ್ಧ ಆದ್ರೆ ಅದು ಅಲ್ನರ್ ನರದ್ದು, ಅಂಗೈಯ ಹೊರ ಅಂಚಿನ ಮೇಲೆ ಭಾರ ಹಾಕಿ ಕೂತಿದೀರಿ ಅಂತ. ಹೆಬ್ಬೆರಳು, ತೋರುಬೆರಳು, ನಡುಬೆರಳು ಆದ್ರೆ ಮೀಡಿಯನ್ ನರ, ಮಣಿಕಟ್ಟು ಬಗ್ಗಿರ್ತದೆ. ಎರಡನೇದಕ್ಕೆ ಗ್ರಿಪ್ ಬದಲಾಯಿಸೋ ಮುಂಚೆ ಲಿವರಿನ ಕೋನ ನೋಡಿ, ನೀವು ಸೀಟಲ್ಲಿ ಕೂತು ಬೆರಳು ಚಾಚಿದಾಗ ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿ ಬಂದು ಲಿವರಿಗೆ ಮುಟ್ಬೇಕು, ಬೋಲ್ಟ್ ಸಡಿಲ ಮಾಡಿ ತಿರುಗಿಸಿದ್ರೆ ಮುಗೀತು, ದುಡ್ಡೂ ಇಲ್ಲ. ಬೈಕ್ ಇಳಿದು ಗಂಟೆಗಟ್ಟಲೆ ಆದ್ರೂ ಜೋಮು ಬಿಡದಿದ್ರೆ, ರಾತ್ರಿ ಮಲಗಿದಾಗ ಕೈ ಚುಮುಚುಮು ಅಂದು ಎಚ್ಚರ ಆದ್ರೆ ಮಾತ್ರ ಡಾಕ್ಟರಿಗೆ ತೋರಿಸಿ, ಮಣಿಕಟ್ಟಲ್ಲಿ ನರ ಒತ್ತಿಹೋಗೋ ಕಾರ್ಪಲ್ ಟನಲ್ ತೊಂದ್ರೆ ಇರಬಹುದು, ಅದು ಗ್ರಿಪ್ಪಿಂದ ವಾಸಿ ಆಗೋದಲ್ಲ.

ಹಾಕೋ ಕೆಲಸ ಮನೆಯಲ್ಲೇ ಮಾಡಬಹುದು. ಹಳೇದನ್ನ ಬ್ಲೇಡಲ್ಲಿ ಉದ್ದಕ್ಕೆ ಸೀಳಿ ತೆಗೀರಿ, ಬಲಗಡೆ ಹುಷಾರು, ಕೆಳಗೆ ಪ್ಲಾಸ್ಟಿಕ್ ಸ್ಲೀವು ಇರ್ತದೆ. ಕರಾವಳಿ ಬೈಕುಗಳಲ್ಲಿ ಎಡಗಡೆ ಪೈಪು ಗ್ರಿಪ್ಪಿನ ಅಡಿಯಲ್ಲೇ ತುಕ್ಕು ಹಿಡಿದಿರ್ತದೆ, ಉಪ್ಪು ನೀರು ಒಳಗೆ ಹೋಗಿ ಅಲ್ಲೇ ಕೂತಿರ್ತದೆ, ಸ್ಯಾಂಡ್ ಪೇಪರ್ ಹಾಕಿ ಉಜ್ಜಿ ತೆಳುವಾಗಿ ಪೇಂಟ್ ಹೊಡೆದು ಒಣಗಿದ ಮೇಲೇ ಮುಂದಿನ ಕೆಲಸ. ಗ್ರಿಪ್ ಗ್ಲೂ ಸಿಕ್ಕಿದ್ರೆ ಅದು, ಇಲ್ಲದಿದ್ರೆ ಹೇರ್ ಸ್ಪ್ರೇ, ಒದ್ದೆ ಇದ್ದಾಗ ಜಾರ್ತದೆ ಒಣಗಿದ ಮೇಲೆ ಹಿಡೀತದೆ. ಎಣ್ಣೆ, ಗ್ರೀಸು ಮಾತ್ರ ಹಚ್ಚಬೇಡಿ, ಮುಂದೆ ಎಲ್ಲೋ ತಿರುವಲ್ಲಿ ಗ್ರಿಪ್ಪೇ ತಿರುಗಿ ಕೈಗೆ ಬರ್ತದೆ. ಜುಲೈ ತಿಂಗಳಲ್ಲಿ ಹಾಕಿದ್ರೆ ಒಂದು ರಾತ್ರಿ ಒಣಗ್ಲಿಕ್ಕೆ ಸಾಲೋದಿಲ್ಲ, ಇನ್ನೊಂದು ದಿನ ಬಿಡಿ. ಕೊನೇಗೆ ಇಂಜಿನ್ ಆಫ್ ಇಟ್ಟು ಹ್ಯಾಂಡಲ್ ಪೂರ್ತಿ ಎಡಕ್ಕೆ, ನಡುವೆ, ಪೂರ್ತಿ ಬಲಕ್ಕೆ ತಿರುಗಿಸಿ ಮೂರೂ ಕಡೆ ಥ್ರಾಟಲ್ ತಿರುಚಿ ಬಿಟ್ಟು ನೋಡಿ, ಟಕ್ ಅಂತ ವಾಪಸ್ ಬರ್ಬೇಕು. ಬರದಿದ್ರೆ ಗ್ರಿಪ್ಪು ಸ್ವಿಚ್ ಬಾಕ್ಸಿಗೋ ಬಾರ್ ಎಂಡಿಗೋ ಉಜ್ತಾ ಇದೆ, ಒಂದೆರಡು ಮಿಲಿಮೀಟರ್ ಸಂದು ಬಿಡ್ಬೇಕು. ಇದನ್ನ ನೋಡದೇ ಬೈಕ್ ರಸ್ತೆಗೆ ಇಳಿಸಬೇಡಿ.

ಮಾವನ ಬುಲೆಟ್ಟಿಗೆ ಈಗ ನಡುವೆ ಸ್ವಲ್ಪ ಉಬ್ಬಿರೋ ದಪ್ಪ ರಬ್ಬರ್ ಗ್ರಿಪ್ಪು, ತುದಿಗೆ ಭಾರದ ಬಾರ್ ಎಂಡು ಹಾಕಿದೀವಿ, ಅಂಗೈಯ ಗುಳಿಗೆ ಆ ಉಬ್ಬು ಸರಿಯಾಗಿ ಕೂರ್ತದೆ ಅಂತಾರೆ, ಶಿರಸಿ ಪೇಟೆಯಿಂದ ತೋಟಕ್ಕೆ ಹೋಗೋವಾಗ ದಾರಿ ಮಧ್ಯೆ ನಿಲ್ಲಿಸಿ ಕೈ ಕೊಡವೋದು ನಿಂತಿದೆ. ಇನ್ನು ಕಾರವಾರದಲ್ಲಿರೋ ತಂಗಿ ಸ್ಕೂಟರು, ಅವಳಿಗೆ ಸಪೂರ ಗ್ರಿಪ್ಪು ಬೇಕು, ಅವಳ ಸ್ಕೂಟರಿನ ಬಲಗಡೆ ಸ್ಲೀವಿನ ಅಳತೆ ತಗೊಂಡು ಬಂದ ಮೇಲೆ ಅದ್ರ ಬಗ್ಗೆ ಬರೀತೀನಿ.